ಕನಸಿನ ಕಾಲೇಜು ಬೇಡ ಎಂದಿತು, ಟ್ರಾನ್ಸ್‌ಫರ್‌ಗೆ ಅರ್ಜಿ ಹಾಕಲೇ?

ಓದುಗರ ಪ್ರಶ್ನೋತ್ತರ: ಅಮೆರಿಕದಲ್ಲಿ ಪದವಿ ವ್ಯಾಸಂಗ

ಅಮೆರಿಕದ ಹೆಸರಾಂತ ಕಾಲೇಜುಗಳ ಪ್ರವೇಶ ಫಲಿತಾಂಶ ಮಾರ್ಚ್ ಕೊನೆಗೆ ಹೊರಬೀಳುತ್ತದೆ. ಅಲ್ಲಿಂದಾಚೆ ನಮಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪುವುದೇ ಇಲ್ಲ: ಮುಂಬಾಗಿಲಲ್ಲಿ ಸಿಗದ ಪ್ರವೇಶ ಒಂದೆರಡು ವರ್ಷ ಕಳೆದು ಪಕ್ಕದ ಬಾಗಿಲಲ್ಲಿ ಸಿಕ್ಕೀತೇ? ಅಲ್ಲಿ ಓದಿನ ನಡುವೆ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವುದು (‘ಟ್ರಾನ್ಸ್‌ಫರ್’) ಅಪರೂಪವಲ್ಲ, ಅದಕ್ಕೆಂದೇ ಬೇರೆ ಅರ್ಜಿ, ಬೇರೆ ಗಡುವು ಇವೆ. ಈ ಸಲದ ಆರೂ ಪ್ರಶ್ನೆ ಅದರ ಮೇಲೆಯೇ.

ಪ್ರಶ್ನೆ: ನನಗೆ ಬೇಕಿದ್ದ ಖಾಸಗಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗಲಿಲ್ಲ. ಈಗ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಮೊದಲ ವರ್ಷ. ಮೊದಲ ಸೆಮಿಸ್ಟರ್ ಜಿಪಿಎ (ಗ್ರೇಡುಗಳ ಸರಾಸರಿ, 4ಕ್ಕೆ) 3.8. ಇಲ್ಲಿ ದೂರುವಂಥದ್ದು ಏನೂ ಇಲ್ಲ, ಆದರೆ ಮನಸ್ಸು ಅಲ್ಲೇ ಇದೆ. ಈ ಮಾರ್ಚ್‌ನಲ್ಲೇ ಅರ್ಜಿ ಹಾಕಲೇ, ಎರಡನೇ ವರ್ಷದವರೆಗೆ ಕಾಯಲೇ, ಅಥವಾ ಈ ಆಸೆಯನ್ನೇ ಬಿಡಲೇ?
(ಒಹಾಯೊದಿಂದ ಒಬ್ಬ ವಿದ್ಯಾರ್ಥಿ)

ಉತ್ತರ: ಮೊದಲು ಒಂದು ಗಂಟೆಯ ಕೆಲಸ ಮಾಡಿ. ಎರಡೂ ವಿಶ್ವವಿದ್ಯಾಲಯಗಳ ಕೋರ್ಸ್ ಕ್ಯಾಟಲಾಗ್ ತೆರೆದು, ಮೂರನೇ ಮತ್ತು ನಾಲ್ಕನೇ ವರ್ಷದ ಪುಟಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಮೊದಲೆರಡು ವರ್ಷದ ಪುಟಗಳನ್ನು ನೋಡಬೇಡಿ, ಅವು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ಪ್ರೋಗ್ರಾಮಿಂಗ್, ಡೇಟಾ ಸ್ಟ್ರಕ್ಚರ್ಸ್, ಡಿಸ್ಕ್ರೀಟ್ ಮ್ಯಾಥ್ಸ್, ಕ್ಯಾಲ್ಕುಲಸ್. ಅಲ್ಲಿದ್ದು ಇಲ್ಲಿಲ್ಲದ ಕೋರ್ಸು, ಲ್ಯಾಬು, ಎರಡು ವಿಷಯ ಬೆರೆತ ಪದವಿ, ನಿಮಗೆ ಆಸಕ್ತಿಯಿರುವ ಕ್ಷೇತ್ರದಲ್ಲಿ ಕೆಲಸ ಮಾಡುವ ಅಧ್ಯಾಪಕರು, ಇವಿಷ್ಟನ್ನು ಬರೆದಿಡಿ. ಪಟ್ಟಿಯಲ್ಲಿ ಮೂರು-ನಾಲ್ಕು ಗಟ್ಟಿ ಅಂಶಗಳು ಕೂತರೆ ಅರ್ಜಿಗೆ ಕಾರಣ ಸಿಕ್ಕಿತು. ಕಾಲೇಜಿನ ಹೆಸರು, ಊರು, ಕಟ್ಟಡ ಇಷ್ಟೇ ಉಳಿದರೆ ನೀವು ಹಾತೊರೆಯುತ್ತಿರುವುದು ಆ ಓದಿಗಲ್ಲ, ಕಳೆದ ವರ್ಷದ ‘ಇಲ್ಲ’ವನ್ನು ‘ಹೌದು’ ಮಾಡಿಸಿಕೊಳ್ಳಲು. ಅದು ತಪ್ಪಲ್ಲ, ಆದರೆ ಅರ್ಜಿ ಓದುವವರಿಗೆ ಅದು ಕಾರಣವಾಗುವುದಿಲ್ಲ. ನಿಮಗೂ ಅಲ್ಲಿಗೆ ಹೋದ ಮೂರನೇ ತಿಂಗಳಿಗೆ ಅದು ಸಾಕಾಗುವುದಿಲ್ಲ.

ಪಟ್ಟಿ ಗಟ್ಟಿಯಾಗಿದ್ದರೆ ಮುಂದಿನ ಹೆಜ್ಜೆ ಲೆಕ್ಕ. ಹೆಚ್ಚಿನ ಕಾಲೇಜುಗಳು ಪ್ರತಿವರ್ಷ ‘ಕಾಮನ್ ಡೇಟಾ ಸೆಟ್’ ಎಂಬ ಅಂಕಿಅಂಶದ ಕಡತ ಪ್ರಕಟಿಸುತ್ತವೆ. ಕಾಲೇಜಿನ ಹೆಸರಿನ ಜೊತೆ ಈ ಮೂರು ಪದ ಸೇರಿಸಿ ಹುಡುಕಿದರೆ ಸಿಗುತ್ತದೆ. ಅದರ ‘ಸಿ’ ಭಾಗ ಮೊದಲ ವರ್ಷದ ಪ್ರವೇಶದ್ದು, ‘ಡಿ’ ಭಾಗ ಟ್ರಾನ್ಸ್‌ಫರ್‌ನದು. ‘ಡಿ’ಯಲ್ಲಿ ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನರಿಗೆ ಪ್ರವೇಶ ಕೊಟ್ಟರು, ಎಷ್ಟು ಜನ ಸೇರಿದರು ಎಂಬ ಮೂರೂ ಸಂಖ್ಯೆ ಇರುತ್ತವೆ. ಒಂದೇ ವರ್ಷ ನೋಡಬೇಡಿ, ಮೂರು ವರ್ಷದ ಕಡತ ನೋಡಿ. ಮಧ್ಯದಲ್ಲಿ ಬಿಟ್ಟುಹೋದವರ ಜಾಗ ತುಂಬುವುದೇ ಎಷ್ಟೋ ಕಡೆ ಟ್ರಾನ್ಸ್‌ಫರ್ ಆದ್ದರಿಂದ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಹಾರ್ವರ್ಡ್‌ನಂಥ ಕಡೆ ಬಿಟ್ಟುಹೋಗುವವರೇ ಕಡಿಮೆ, ತೆಗೆದುಕೊಳ್ಳುವುದು ಬೆರಳೆಣಿಕೆ. ಪ್ರಿನ್ಸ್‌ಟನ್ 1990ರಲ್ಲಿ ಟ್ರಾನ್ಸ್‌ಫರ್ ನಿಲ್ಲಿಸಿ ಮತ್ತೆ ಶುರುಮಾಡಿದ್ದು 2018ರಲ್ಲಿ, ಅದೂ ಸಣ್ಣ ಸಂಖ್ಯೆಯಲ್ಲಿ, ಕಮ್ಯುನಿಟಿ ಕಾಲೇಜಿನವರಿಗೂ (ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜು) ಸೇನೆಯಲ್ಲಿ ಸೇವೆ ಸಲ್ಲಿಸಿದವರಿಗೂ ಒತ್ತು ಕೊಟ್ಟು. ಇನ್ನೊಂದು ಕಡೆ ಕಾರ್ನೆಲ್, ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ ಇಂಥವು ವರ್ಷಕ್ಕೆ ನೂರಾರು ಜನರನ್ನು ಸೇರಿಸಿಕೊಳ್ಳುತ್ತವೆ. ‘ಟ್ರಾನ್ಸ್‌ಫರ್ ಸುಲಭ’ ಎನ್ನುವವರೂ ‘ಅಸಾಧ್ಯ’ ಎನ್ನುವವರೂ ಒಂದೊಂದು ಕಾಲೇಜನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿರುತ್ತಾರೆ. ಕಂಪ್ಯೂಟರ್ ಸೈನ್ಸ್‌ಗೆ ಮಾತ್ರ ಇನ್ನೊಂದು ತೊಡಕಿದೆ. ಕಾಲೇಜು ಟ್ರಾನ್ಸ್‌ಫರ್‌ಗೆ ತೆರೆದಿದ್ದರೂ ಆ ಮೇಜರ್ (ಪದವಿಯ ಮುಖ್ಯ ವಿಷಯ) ಮುಚ್ಚಿರಬಹುದು. ‘ಮೊದಲು ಬೇರೆ ಮೇಜರ್‌ಗೆ ಸೇರಿ ಆಮೇಲೆ ಬದಲಾಯಿಸಿಕೊಳ್ಳುತ್ತೇನೆ’ ಎಂಬ ಉಪಾಯಕ್ಕೆ ಈಗ ಬಹಳ ಕಡೆ ಬೀಗ ಬಿದ್ದಿದೆ. ವಿಭಾಗದ ಪುಟದಲ್ಲಿ ಇದನ್ನು ಬರಹದಲ್ಲೇ ಓದಿಕೊಳ್ಳಿ.

ಈಗಲೋ, ಮುಂದಿನ ವರ್ಷವೋ? ಖಾಸಗಿ ವಿಶ್ವವಿದ್ಯಾಲಯಗಳ ಗಡುವು ಬಹುಪಾಲು ಮಾರ್ಚ್ 1 ಅಥವಾ 15ರ ಆಸುಪಾಸು, ಫಲಿತಾಂಶ ಮೇ ಮಧ್ಯದಿಂದ ಜೂನ್. ಮೊದಲ ವರ್ಷದಲ್ಲೇ ಹಾಕಿದರೆ ಅವರ ಕೈಯಲ್ಲಿರುವುದು ನಿಮ್ಮ ಒಂದು ಸೆಮಿಸ್ಟರ್‌ನ ಗ್ರೇಡು ಮಾತ್ರ. ಉಳಿದ ತೂಕವೆಲ್ಲ ಹೈಸ್ಕೂಲ್ ಅಂಕಪಟ್ಟಿಯ ಮೇಲೆ, ಅಂದರೆ ಹೋದ ವರ್ಷ ಅವರೇ ಬೇಡವೆಂದ ಕಡತದ ಮೇಲೆ. ಎರಡನೇ ವರ್ಷದಲ್ಲಿ ಹಾಕಿದರೆ ಮೂರು ಸೆಮಿಸ್ಟರ್‌ಗಳ ಸಾಧನೆ ಇರುತ್ತದೆ, ನಿಮ್ಮನ್ನು ಚೆನ್ನಾಗಿ ಬಲ್ಲ ಇಬ್ಬರು ಪ್ರೊಫೆಸರ್‌ಗಳಿರುತ್ತಾರೆ, ಹೈಸ್ಕೂಲು ಹಿಂದೆ ಸರಿದಿರುತ್ತದೆ. ನಿಮ್ಮ ಹೈಸ್ಕೂಲ್ ದಾಖಲೆ ಬಲವಾಗಿದ್ದು ಪೈಪೋಟಿಯಿಂದಷ್ಟೇ ಕೈತಪ್ಪಿದ್ದರೆ ಈ ಮಾರ್ಚ್‌ನಲ್ಲಿ ಹಾಕಬಹುದು. ಅಲ್ಲೇ ಕೊರತೆ ಇದ್ದರೆ ಕಾಯುವುದು ಜಾಣತನ. ಆದರೆ ಕಾಯುವುದಕ್ಕೂ ಮೇಲಿನ ಮಿತಿಯೊಂದಿದೆ. ಈಗಿನ ಕಾಲೇಜಿನಲ್ಲಿ ಒಂದು ಪೂರ್ಣ ವರ್ಷ ಮುಗಿಸಿರಬೇಕೆಂದು ಹಾರ್ವರ್ಡ್ ಹೇಳುತ್ತದೆ, ಎರಡು ವರ್ಷ ಮೀರಿದ್ದರೆ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಬೇರೆ ಕಡೆಗಳಲ್ಲೂ ಇಂಥ ಗೆರೆ ಸಾಮಾನ್ಯ.

ಇನ್ನು ಪ್ರಬಂಧ. ‘ಯಾಕೆ ಬಿಟ್ಟು ಬರುತ್ತಿದ್ದೀರಿ, ಇಲ್ಲಿಗೇ ಯಾಕೆ’ ಎಂಬ ಎರಡು ಪ್ರಶ್ನೆಗೆ ಅದು ಉತ್ತರ. ಕೈತಪ್ಪುವ ಅರ್ಜಿಗಳಲ್ಲಿ ಈ ಬಗೆಯ ವಾಕ್ಯ ಇದ್ದೇ ಇರುತ್ತದೆ: ‘ಚಿಕ್ಕಂದಿನಿಂದ ನಿಮ್ಮ ವಿಶ್ವವಿದ್ಯಾಲಯದಲ್ಲೇ ಓದಬೇಕೆಂಬ ಕನಸು, ಇಲ್ಲಿನ ಸಹಪಾಠಿಗಳಿಗೆ ಓದಿನಲ್ಲಿ ಆಸಕ್ತಿ ಇಲ್ಲ.’ ಮೊದಲರ್ಧ ಎಲ್ಲರೂ ಬರೆಯುವಂಥದ್ದು, ಎರಡನೆಯರ್ಧ ನಿಮ್ಮ ಮೇಲೆಯೇ ಅನುಮಾನ ಹುಟ್ಟಿಸುವಂಥದ್ದು. ಅದರ ಜಾಗದಲ್ಲಿ ಇಂಥದ್ದು ಬರಲಿ: ‘ಡೇಟಾ ಸ್ಟ್ರಕ್ಚರ್ಸ್ ತರಗತಿಯ ಪ್ರಾಜೆಕ್ಟಿಗೆ ಕನ್ನಡ ಪದಗಳ ಕಾಗುಣಿತ ತಿದ್ದುವ ಪ್ರೋಗ್ರಾಮ್ ಬರೆದೆ. ವಿಭಕ್ತಿ ಪ್ರತ್ಯಯ ಸೇರಿದ ಪದಗಳಲ್ಲಿ ಅದು ಸೋತಿತು. ಯಾಕೆಂದು ತಿಳಿಯಲು ಭಾಷಾವಿಜ್ಞಾನ ಬೇಕಾಯಿತು. ನಮ್ಮಲ್ಲಿ ಆ ವಿಭಾಗ ಇಲ್ಲ, ನಿಮ್ಮಲ್ಲಿ ಎರಡೂ ಸೇರಿದ ಪದವಿಯೇ ಇದೆ.’ ಈಗಿನ ಕಾಲೇಜು ನಿಮ್ಮನ್ನು ಎಲ್ಲಿಯವರೆಗೆ ತಂದು ನಿಲ್ಲಿಸಿತು, ಅಲ್ಲಿಂದ ಮುಂದಕ್ಕೆ ದಾರಿ ಎಲ್ಲಿದೆ ಎಂಬುದು ಇಷ್ಟರಲ್ಲೇ ಬಂತು. ಹಳೆಯ ತಿರಸ್ಕಾರದ ಪ್ರಸ್ತಾಪ ಪ್ರಬಂಧದಲ್ಲಿ ಬೇಡ. ಹಿಂದೆ ಅರ್ಜಿ ಹಾಕಿದ್ದೀರಾ ಎಂದು ಫಾರಂನಲ್ಲಿ ಕೇಳಿದರೆ ಮಾತ್ರ ‘ಹೌದು’ ಎಂದು ಗುರುತು ಹಾಕಿ, ಮುಚ್ಚಿಡಬೇಡಿ.

ಕೊನೆಗೆ ಫಾರಂಗಳ ಮಾತು. ಹಲವರ ಅರ್ಜಿ ಅರ್ಧಕ್ಕೆ ನಿಲ್ಲುವುದು ಇಲ್ಲಿ. ಕಾಮನ್ ಆ್ಯಪ್‌ನ (ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ತಾಣ) ಟ್ರಾನ್ಸ್‌ಫರ್ ಅರ್ಜಿಗೆ ಕಾಲೇಜು ಮತ್ತು ಹೈಸ್ಕೂಲ್ ಎರಡರ ಟ್ರಾನ್ಸ್‌ಕ್ರಿಪ್ಟ್ (ಅಧಿಕೃತ ಅಂಕಪಟ್ಟಿ), ‘ಕಾಲೇಜ್ ರಿಪೋರ್ಟ್’, ‘ಮಿಡ್‌ಟರ್ಮ್ ರಿಪೋರ್ಟ್’ ಬೇಕಾಗುತ್ತವೆ (ಯಾವುದು ಕಡ್ಡಾಯ ಎಂಬುದು ಕಾಲೇಜಿನಿಂದ ಕಾಲೇಜಿಗೆ ಬೇರೆ). ಕಾಲೇಜ್ ರಿಪೋರ್ಟನ್ನು ನಿಮ್ಮ ಡೀನ್ ಅಥವಾ ರಿಜಿಸ್ಟ್ರಾರ್ ಕಚೇರಿ ತುಂಬಬೇಕು: ನೀವು ಶಿಸ್ತುಕ್ರಮ ಎದುರಿಸಿಲ್ಲ, ಓದು ಮುಂದುವರಿಸಲು ಅರ್ಹರು ಎಂಬ ದೃಢೀಕರಣ ಅದು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಇದನ್ನು ಯಾರು ಸಹಿ ಮಾಡುತ್ತಾರೆಂದು ಪತ್ತೆಹಚ್ಚುವುದಕ್ಕೇ ವಾರ ಹಿಡಿಯುತ್ತದೆ. ಗಡುವಿಗೆ ನಾಲ್ಕು ವಾರ ಮೊದಲೇ ಕೇಳಿ. ಮಿಡ್‌ಟರ್ಮ್ ರಿಪೋರ್ಟ್ ಈಗ ನಡೆಯುತ್ತಿರುವ ತರಗತಿಗಳ ಅಂದಿನವರೆಗಿನ ಗ್ರೇಡು, ಅದನ್ನು ಆಯಾ ಪ್ರೊಫೆಸರ್‌ಗಳಿಂದಲೇ ಬರೆಸಬೇಕು. ಅರ್ಜಿ ಶುಲ್ಕ ಒಂದೊಂದಕ್ಕೆ ಸಾಮಾನ್ಯವಾಗಿ 50ರಿಂದ 90 ಡಾಲರ್.

ಪ್ರಶ್ನೆ: ಬರ್ಕ್ಲಿ, ಯುಸಿಎಲ್‌ಎ ಎರಡೂ ಕಡೆ ಸಿಗಲಿಲ್ಲ. ಬೇರೆ ರಾಜ್ಯದ ಕಾಲೇಜಿಗೆ ಸೇರಿ ಒಂದು ವರ್ಷದಲ್ಲಿ ವಾಪಸ್ ಬರುವುದೋ, ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿಗೆ ಸೇರುವುದೋ? ಮನೆಯಲ್ಲಿ ಎರಡನೆಯದಕ್ಕೆ ‘ಅದೂ ಒಂದು ಕಾಲೇಜೇ’ ಎನ್ನುತ್ತಾರೆ.
(ಕ್ಯಾಲಿಫೋರ್ನಿಯಾದ ಓದುಗಿ)

ಉತ್ತರ: ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾವೇ (ಯುಸಿ; ಬರ್ಕ್ಲಿ, ಯುಸಿಎಲ್‌ಎ ಇದರ ಕ್ಯಾಂಪಸ್‌ಗಳು) ಗುರಿಯಾದರೆ ಮನೆಯವರು ಹಗುರವಾಗಿ ಕಾಣುವ ಆ ದಾರಿಯೇ ಹೆದ್ದಾರಿ. ಟ್ರಾನ್ಸ್‌ಫರ್‌ನಲ್ಲಿ ಯುಸಿ ಮೊದಲ ಆದ್ಯತೆ ಕೊಡುವುದೇ ರಾಜ್ಯದ ಕಮ್ಯುನಿಟಿ ಕಾಲೇಜಿನವರಿಗೆ. ಬೇರೆ ರಾಜ್ಯದಲ್ಲಿ ಒಂದೇ ವರ್ಷ ಓದಿ ಬರುವ ಯೋಜನೆಯಂತೂ ಬಹುತೇಕ ನಡೆಯುವುದಿಲ್ಲ. ಅವರು ತೆಗೆದುಕೊಳ್ಳುವುದು ಮೂರನೇ ವರ್ಷಕ್ಕೆ, ಅಂದರೆ 60 ಸೆಮಿಸ್ಟರ್ ಯೂನಿಟ್ (ಯೂನಿಟ್ ಎಂದರೆ ಕ್ರೆಡಿಟ್; ಶೈಕ್ಷಣಿಕ ವರ್ಷವನ್ನು ಮೂರು ಅವಧಿ ಮಾಡುವ ಕ್ವಾರ್ಟರ್ ಲೆಕ್ಕದಲ್ಲಿ 90) ಮುಗಿಸಿದವರನ್ನು.

ಕನಿಷ್ಠ ಅರ್ಹತೆ ಹೀಗಿದೆ: ರಾಜ್ಯದ ನಿವಾಸಿಗಳಿಗೆ 2.4 ಜಿಪಿಎ, ಹೊರಗಿನವರಿಗೆ 2.8. ಜೊತೆಗೆ ಇಂಗ್ಲಿಷ್ ಬರವಣಿಗೆಯ ಎರಡು, ಗಣಿತದ ಒಂದು, ಬೇರೆ ವಿಷಯಗಳಿಂದ ನಾಲ್ಕು ಹೀಗೆ ಏಳು ಕೋರ್ಸು, ಎಲ್ಲದರಲ್ಲೂ ಕನಿಷ್ಠ ‘ಸಿ’. ಇದು ಅರ್ಜಿ ಹಾಕುವ ಅರ್ಹತೆ ಅಷ್ಟೇ. ಬರ್ಕ್ಲಿ, ಯುಸಿಎಲ್‌ಎಯ ಬೇಡಿಕೆಯ ಮೇಜರ್‌ಗಳಿಗೆ 4.0ಕ್ಕೆ ಹತ್ತಿರ ಇದ್ದವರೂ ಸಾಲಿನಲ್ಲಿ ನಿಂತಿರುತ್ತಾರೆ.

‘ಟ್ಯಾಗ್’ ಎಂಬ ಖಾತರಿ ಪ್ರವೇಶವನ್ನು ಮರೆಯಬೇಡಿ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಸ್ ಈ ಆರು ಕ್ಯಾಂಪಸ್‌ಗಳಲ್ಲಿ ಒಂದಕ್ಕೆ ಮಾತ್ರ ಇದನ್ನು ಹಾಕಬಹುದು. ನಿಗದಿತ ಕೋರ್ಸು, ಗ್ರೇಡು ಪೂರೈಸಿದರೆ ಸೀಟು ಗ್ಯಾರಂಟಿ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೊ ಇದರಲ್ಲಿ ಇಲ್ಲ. ಎಲ್ಲ ಮೇಜರ್‌ಗಳೂ ಇಲ್ಲ: ಸಾಂಟಾ ಬಾರ್ಬರಾದ ಎಂಜಿನಿಯರಿಂಗ್ ಕಾಲೇಜು ಹೊರಗಿದೆ. ಟ್ಯಾಗ್ ಅರ್ಜಿ ಸೆಪ್ಟೆಂಬರ್‌ನಲ್ಲಿ, ಅಂದರೆ ಸೇರುವುದಕ್ಕೆ ಒಂದು ವರ್ಷ ಮೊದಲು. ಅದಾದ ಮೇಲೆ ಎಲ್ಲರಂತೆ ಯುಸಿಯ ಸಾಮಾನ್ಯ ಅರ್ಜಿಯನ್ನೂ ಹಾಕಲೇಬೇಕು. ಟ್ಯಾಗ್ ಹಾಕಿ ಇದನ್ನು ಬಿಟ್ಟರೆ ಗ್ಯಾರಂಟಿಯೂ ಹೋಯಿತು. ಟ್ಯಾಗ್ ಒಂದು ಕಡೆ ಇಟ್ಟುಕೊಂಡು ಬರ್ಕ್ಲಿಗೆ, ಯುಸಿಎಲ್‌ಎಗೆ ಮಾಮೂಲಿ ಅರ್ಜಿ ಹಾಕಲು ಅಡ್ಡಿಯಿಲ್ಲ. ಕೆಳಗೆ ಬಲೆ ಕಟ್ಟಿಕೊಂಡು ಮರ ಹತ್ತಿದ ಹಾಗೆ.

ಸಾಮಾನ್ಯ ಅರ್ಜಿಯಲ್ಲಿ ನಾಲ್ಕು ಕಿರುಪ್ರಬಂಧ, ಒಂದೊಂದು 350 ಪದದೊಳಗೆ. ಒಂದು ಕಡ್ಡಾಯ: ನಿಮ್ಮ ಮೇಜರ್‌ಗೆ ಹೇಗೆ ತಯಾರಾಗಿದ್ದೀರಿ ಎಂಬುದು. ಉಳಿದ ಮೂರನ್ನು ಏಳು ಪ್ರಶ್ನೆಗಳಿಂದ ಆರಿಸಿಕೊಳ್ಳಬೇಕು. ಜನವರಿಯಲ್ಲಿ ‘ಟ್ರಾನ್ಸ್‌ಫರ್ ಅಕಾಡೆಮಿಕ್ ಅಪ್‌ಡೇಟ್’ ಎಂಬ ಪುಟದಲ್ಲಿ ಶರತ್ಕಾಲದ ಗ್ರೇಡು ತುಂಬಬೇಕು. ಅರ್ಜಿ ಹಾಕಿದ ನಿರಾಳದಲ್ಲಿ ಇದನ್ನು ಮರೆಯುವವರು ಪ್ರತಿವರ್ಷ ಇರುತ್ತಾರೆ.

ಕೋರ್ಸ್ ಆಯ್ಕೆಗೆ ‘ಅಸಿಸ್ಟ್ ಡಾಟ್ ಆರ್ಗ್’ ಸರ್ಕಾರಿ ತಾಣವಿದೆ. ಎಡಕ್ಕೆ ನಿಮ್ಮ ಕಾಲೇಜು, ಬಲಕ್ಕೆ ಯುಸಿ ಕ್ಯಾಂಪಸ್, ಕೆಳಗೆ ಮೇಜರ್ ಆರಿಸಿದರೆ ಇಲ್ಲಿನ ಯಾವ ಕೋರ್ಸು ಅಲ್ಲಿನ ಯಾವುದಕ್ಕೆ ಸಮ ಎಂದು ಸಾಲುಸಾಲಾಗಿ ತೋರಿಸುತ್ತದೆ. ಮೊದಲ ವಾರವೇ ಮೂರು ಕ್ಯಾಂಪಸ್‌ಗಳ ಪಟ್ಟಿ ತೆಗೆದು ಮೂರರಲ್ಲೂ ಬರುವ ಕೋರ್ಸುಗಳನ್ನು ಮೊದಲು ಮಾಡಿ. ಎಂಜಿನಿಯರಿಂಗ್, ವಿಜ್ಞಾನದವರು ಮೇಜರ್‌ನ ಗಣಿತ, ಭೌತಶಾಸ್ತ್ರಕ್ಕೆ ಮೊದಲ ಮಣೆ ಹಾಕಬೇಕು. ಎಲ್ಲ ಮೇಜರ್‌ನವರೂ ಓದುವ ಸಾಮಾನ್ಯ ಶಿಕ್ಷಣದ ‘ಕ್ಯಾಲ್-ಗೆಟ್‌ಸಿ’ ಪಟ್ಟಿಯನ್ನು (2025ರಿಂದ ಹಳೆಯ ‘ಐಗೆಟ್‌ಸಿ’ಯ ಜಾಗಕ್ಕೆ ಬಂದಿದೆ) ಪೂರ್ತಿ ಮುಗಿಸುವ ಹಟದಲ್ಲಿ ಮೇಜರ್‌ನ ಕೋರ್ಸು ಬಾಕಿ ಉಳಿಸಿಕೊಂಡರೆ ಅದೇ ತಿರಸ್ಕಾರಕ್ಕೆ ಕಾರಣವಾಗುತ್ತದೆ.

ಪ್ರಶ್ನೆ: ಎರಡು ವರ್ಷ ಓದಿದ್ದು ಹೊಸ ಕಡೆ ಪೂರ್ತಿ ಲೆಕ್ಕಕ್ಕೆ ಬರುತ್ತದೆಯೇ? ನಮ್ಮದು ಕ್ವಾರ್ಟರ್ ಪದ್ಧತಿ, ಹೋಗಬೇಕೆಂದಿರುವುದು ಸೆಮಿಸ್ಟರ್ ಪದ್ಧತಿಯ ಕಡೆ.
(ವಾಷಿಂಗ್ಟನ್ ರಾಜ್ಯದ ಓದುಗ)

ಉತ್ತರ: ‘ಕ್ರೆಡಿಟ್ ಬಂತು’ ಎನ್ನುವುದರಲ್ಲಿ ಎರಡು ಅರ್ಥ ಇದೆ, ಮೋಸ ಹೋಗುವುದು ಅಲ್ಲೇ. ಒಂದು, ಪದವಿಗೆ ಬೇಕಾದ 120 ಕ್ರೆಡಿಟ್‌ನ ಒಟ್ಟು ಮೊತ್ತಕ್ಕೆ ಸೇರಿತು. ಇನ್ನೊಂದು, ಮೇಜರ್‌ನ ಇಂಥ ಕೋರ್ಸಿನ ಬದಲಿಗೆ ಸಂದಿತು. ಮೊದಲನೆಯದು ಸುಲಭ, ಎರಡನೆಯದು ವಿಭಾಗದ ಕೈಯಲ್ಲಿದೆ. ಎಲ್ಲ ಕ್ರೆಡಿಟ್ ‘ಐಚ್ಛಿಕ’ ಎಂದು ಸೇರಿ, ಮೇಜರ್‌ನ ಸರಪಳಿ ಮತ್ತೆ ಮೊದಲಿಂದ ಓದಬೇಕಾದರೆ 60 ಕ್ರೆಡಿಟ್ ಹೊತ್ತುಕೊಂಡು ಹೋದವರೂ ಐದನೇ ವರ್ಷ ಕೂರಬೇಕಾಗುತ್ತದೆ.

ಕ್ವಾರ್ಟರ್ ಲೆಕ್ಕ: ಒಂದೂವರೆ ಕ್ವಾರ್ಟರ್ ಕ್ರೆಡಿಟ್‌ಗೆ ಒಂದು ಸೆಮಿಸ್ಟರ್ ಕ್ರೆಡಿಟ್. ನಿಮ್ಮ 5 ಕ್ರೆಡಿಟ್‌ನ ಕ್ಯಾಲ್ಕುಲಸ್ ಅಲ್ಲಿ 3.33 ಆಗುತ್ತದೆ, ಅಲ್ಲಿನ ಕೋರ್ಸು 4ರದ್ದಾಗಿದ್ದರೆ 0.67 ಕ್ರೆಡಿಟ್‌ನ ಕೊರತೆ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಕಿರಿಕಿರಿ ಪಾಠಭಾಗದ್ದು. ನಿಮ್ಮಲ್ಲಿ ಮೂರು ಕ್ವಾರ್ಟರ್‌ನಲ್ಲಿ ಮಾಡುವ ಕ್ಯಾಲ್ಕುಲಸನ್ನು ಅಲ್ಲಿ ಎರಡು ಸೆಮಿಸ್ಟರ್‌ನಲ್ಲಿ ಮುಗಿಸುತ್ತಾರೆ. ನೀವು ಎರಡೇ ಕ್ವಾರ್ಟರ್ ಮುಗಿಸಿ ಹೋದರೆ ಅಲ್ಲಿನ ಮೊದಲನೆಯದು ಪೂರ್ತಿಯಾಗಿ, ಎರಡನೆಯದು ಮೂರನೇ ಒಂದು ಭಾಗ ಆಗಿರುತ್ತದೆ. ಮೂರನೇ ಒಂದು ಭಾಗಕ್ಕೆ ಯಾರೂ ಕ್ರೆಡಿಟ್ ಕೊಡುವುದಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರದ ಕಥೆಯೂ ಇದೇ. ಆದ್ದರಿಂದ ಸರಣಿಯನ್ನು ನಡುವೆ ಮುರಿದು ಹೊರಡಬೇಡಿ. ಮೂರೂ ಮುಗಿಸಿಯೇ ಹೊರಡಿ.

ಈಗಲೇ ಮಾಡಬೇಕಾದದ್ದು: ಓದಿದ ಪ್ರತಿ ಕೋರ್ಸಿನ ಸಿಲಬಸ್ ಪಿಡಿಎಫ್ ಇಳಿಸಿಕೊಂಡು ನಿಮ್ಮದೇ ಖಾತೆಯಲ್ಲಿ ಇಟ್ಟುಕೊಳ್ಳಿ. ಕಾಲೇಜಿನ ಖಾತೆ ಬಿಟ್ಟ ಮೇಲೆ ತೆರೆಯದು. ಒಂದು ಸಾಲಿನ ಕೋರ್ಸ್ ವಿವರಣೆ ಸಾಲದು. ವಾರವಾರದ ಪಾಠ, ಪಠ್ಯಪುಸ್ತಕ, ಲ್ಯಾಬ್ ಗಂಟೆ ಇರುವ ಸಿಲಬಸ್ ಇದ್ದರೆ, ಮೊದಲು ‘ಐಚ್ಛಿಕ’ ಎಂದು ಬಂದ ಕೋರ್ಸನ್ನೂ ಮೇಲ್ಮನವಿಯಲ್ಲಿ ಮೇಜರ್‌ಗೆ ಹೊಂದಿಸಿಕೊಳ್ಳಬಹುದು. ‘ಸಿ’ಗಿಂತ ಕಡಿಮೆ ಬಂದ ಕೋರ್ಸು ಬಹುಪಾಲು ಕಡೆ ಸಲ್ಲುವುದಿಲ್ಲ. ಗ್ರೇಡ್ ಬದಲು ಪಾಸ್/ಫೇಲ್ ತೆಗೆದುಕೊಂಡದ್ದಕ್ಕೂ ತಕರಾರು ಬರುತ್ತದೆ. ಎಪಿ (ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ) ಅಂಕವನ್ನು ಹೊಸ ಕಾಲೇಜು ತನ್ನ ನಿಯಮದಂತೆ ಹೊಸದಾಗಿ ತೂಗುತ್ತದೆ, ಈಗಿನ ಕಾಲೇಜು ಕೊಟ್ಟದ್ದು ಹಾಗೇ ಬರುವುದಿಲ್ಲ. ಮತ್ತೆ, ಬರುವುದು ಕ್ರೆಡಿಟ್ ಮಾತ್ರ, ಜಿಪಿಎ ಸಾಮಾನ್ಯವಾಗಿ ಬರುವುದಿಲ್ಲ. ಕಷ್ಟಪಟ್ಟು ಗಳಿಸಿದ 3.9 ಬಿಟ್ಟು ಅಲ್ಲಿ ಸೊನ್ನೆಯಿಂದ ಶುರು, ಅದೂ ಕಠಿಣವಾದ ಮೂರನೇ ವರ್ಷದ ಕೋರ್ಸುಗಳಿಂದ.

ಪ್ರವೇಶ ಪತ್ರ ಬಂದ ಮೇಲೆ ಠೇವಣಿ ಕಟ್ಟುವ ಮೊದಲು ಕ್ರೆಡಿಟ್ ಮೌಲ್ಯಮಾಪನ ಕೇಳಿ. ಅಧಿಕೃತವಾದದ್ದು ತಡವಾಗುತ್ತದೆ ಎಂದರೆ ವಿಭಾಗದ ಅಡ್ವೈಸರ್‌ಗೆ ಇಮೇಲ್ ಬರೆದು, ‘ಈ ಕೋರ್ಸುಗಳೊಂದಿಗೆ ಬಂದರೆ ಎಷ್ಟು ಸೆಮಿಸ್ಟರ್‌ನಲ್ಲಿ ಮುಗಿಸಬಹುದು’ ಎಂಬ ಒಂದೇ ಪ್ರಶ್ನೆ ಕೇಳಿ. ಉತ್ತರ ಬರಹದಲ್ಲಿರಲಿ.

ಪ್ರಶ್ನೆ: ಮಗಳು ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಅಮೆರಿಕದಲ್ಲಿ ಮೊದಲ ವರ್ಷ ಓದುತ್ತಿದ್ದಾಳೆ, ಈಗಿನ ಕಡೆ ವಿದ್ಯಾರ್ಥಿವೇತನ ಇದೆ. ಅವಳಿಗೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವ ಹಂಬಲ. ತಂದೆಯಾಗಿ ಬೇಡ ಎನ್ನಲಾರೆ, ಆದರೆ ಖರ್ಚು, ವೀಸಾ ನೆನೆಸಿಕೊಂಡರೆ ನಿದ್ದೆ ಬರುವುದಿಲ್ಲ.
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ಹಣದ ವಿಷಯ ಮೊದಲು, ಏಕೆಂದರೆ ಅದು ಸರಿಹೋಗದಿದ್ದರೆ ಉಳಿದದ್ದರ ಅಗತ್ಯವೇ ಇಲ್ಲ. ಅಂಕದ ಮೇಲೆ ಕೊಡುವ ವಿದ್ಯಾರ್ಥಿವೇತನ ಆ ಕಾಲೇಜಿನದು, ಮಗಳ ಜೊತೆ ಹೋಗುವುದಿಲ್ಲ. ಹೊಸ ಕಾಲೇಜಿನ ದೊಡ್ಡ ವಿದ್ಯಾರ್ಥಿವೇತನಗಳು ಸಾಮಾನ್ಯವಾಗಿ ಮೊದಲ ವರ್ಷಕ್ಕೆ ಸೇರುವವರಿಗೆ ಮೀಸಲು. ನೆರವಿನ ಪುಟದಲ್ಲಿ ‘ಅಂತರರಾಷ್ಟ್ರೀಯ’ ಮತ್ತು ‘ಟ್ರಾನ್ಸ್‌ಫರ್’ ಈ ಎರಡೂ ಪದ ಒಟ್ಟಿಗೆ ಬರುವ ಸಾಲನ್ನು ಹುಡುಕಿ ಓದಿ. ವಿದೇಶಿ ವಿದ್ಯಾರ್ಥಿಗಳಿಗೆ ಉದಾರವಾಗಿರುವ ಎಷ್ಟೋ ಕಾಲೇಜುಗಳು ವಿದೇಶಿ ಟ್ರಾನ್ಸ್‌ಫರ್ ವಿದ್ಯಾರ್ಥಿಗಳಿಗೆ ಕೈ ಬಿಗಿ ಹಿಡಿಯುತ್ತವೆ. ರಾಜ್ಯ ವಿಶ್ವವಿದ್ಯಾಲಯವಾದರೆ ಹೊರಗಿನವರ ಹೆಚ್ಚುವರಿ ಶುಲ್ಕ ಇದೆ. ಯುಸಿಯಲ್ಲಿ ಆ ಹೆಚ್ಚುವರಿಯೊಂದೇ ವರ್ಷಕ್ಕೆ 30,000 ಡಾಲರ್ ದಾಟುತ್ತದೆ. ಉಳಿದ ವರ್ಷಗಳ ಖರ್ಚನ್ನು ಎರಡು ಕಂಬಸಾಲಿನಲ್ಲಿ ಬರೆಯಿರಿ: ಇಲ್ಲೇ ಇದ್ದರೆ, ಅಲ್ಲಿಗೆ ಹೋದರೆ. ಎರಡನೆಯದರಲ್ಲಿ ಒಂದು ಸೆಮಿಸ್ಟರ್ ಹೆಚ್ಚೇ ಹಿಡಿಯಿರಿ. ಆ ಎರಡು ಮೊತ್ತಗಳ ವ್ಯತ್ಯಾಸವನ್ನು ಮಗಳಿಗೂ ತೋರಿಸಿ. ‘ನೋಡೋಣ’ ಎಂದು ತೇಲಿಸಿ ಮೇ ತಿಂಗಳಲ್ಲಿ ‘ಆಗದು’ ಎನ್ನುವುದಕ್ಕಿಂತ ಅರ್ಜಿಗೆ ಮೊದಲೇ ‘ಇಷ್ಟರವರೆಗೆ ಆದೀತು’ ಎಂದು ಅಂಕಿ ಹೇಳುವುದು ಅವಳಿಗೂ ಒಳ್ಳೆಯದು. (ವಿದ್ಯಾರ್ಥಿಯೇ ಅಮೆರಿಕದ ನಾಗರಿಕರು ಅಥವಾ ಗ್ರೀನ್ ಕಾರ್ಡ್‌ನವರಾಗಿದ್ದರೆ ‘ಫ್ಯಾಫ್ಸಾ’ ಎಂಬ ಸರ್ಕಾರಿ ನೆರವಿನ ಅರ್ಜಿಯಲ್ಲಿ ಹೊಸ ಕಾಲೇಜಿನ ಹೆಸರು ಸೇರಿಸಬೇಕು. ಸರ್ಕಾರಿ ನೆರವು ತಾನಾಗಿ ಹಿಂಬಾಲಿಸಿ ಬರುವುದಿಲ್ಲ.)

ವೀಸಾ ನೀವು ಹೆದರಿದಷ್ಟು ಜಟಿಲವಲ್ಲ, ಆದರೆ ದಿನಾಂಕಗಳಲ್ಲಿ ಎಡವಬಾರದು. ಹೊಸ ಕಾಲೇಜಿನ ಪ್ರವೇಶ ಖಚಿತವಾದ ಮೇಲೆ ಮಗಳು ಈಗಿನ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಅಧಿಕಾರಿಗೆ (ಅಲ್ಲಿ ‘ಡಿಎಸ್‌ಒ’ ಎನ್ನುತ್ತಾರೆ) ತಿಳಿಸಬೇಕು. ಅವರು ‘ಸೆವಿಸ್’ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದತ್ತಸಂಚಯ) ದಾಖಲೆಯನ್ನು ಹೊಸ ಕಾಲೇಜಿಗೆ ಬಿಡುಗಡೆ ಮಾಡುವ ದಿನಾಂಕ ಗೊತ್ತುಮಾಡುತ್ತಾರೆ. ಆ ದಿನದವರೆಗೆ ಮನಸ್ಸು ಬದಲಾಯಿಸಬಹುದು, ಅದು ದಾಟಿದ ಮೇಲೆ ಹಳೆಯ ಕಾಲೇಜಿನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬಿಡುಗಡೆ ಆದ ಬಳಿಕ ಹೊಸ ಕಾಲೇಜು ಹೊಸ ಐ-20 (ವೀಸಾಕ್ಕೆ ಆಧಾರವಾದ ಕಾಲೇಜಿನ ಪತ್ರ) ಕೊಡುತ್ತದೆ. ಅದಕ್ಕೆ ಬ್ಯಾಂಕ್ ದಾಖಲೆ ಮತ್ತೆ ತೋರಿಸಬೇಕು. ಹಳೆಯ ಕಾಲೇಜಿನ ಬಿಡುಗಡೆಗೂ ಹೊಸ ಕಡೆ ತರಗತಿ ಶುರುವಾಗುವುದಕ್ಕೂ ನಡುವಿನ ಅಂತರ 5 ತಿಂಗಳು ಮೀರಬಾರದು. ಸೆವಿಸ್ ಸಂಖ್ಯೆ ಅದೇ ಮುಂದುವರಿಯುವುದರಿಂದ ಸೆವಿಸ್ ಶುಲ್ಕ ಮತ್ತೆ ಕಟ್ಟಬೇಕಿಲ್ಲ. ಪಾಸ್‌ಪೋರ್ಟಿನ ವೀಸಾದಲ್ಲಿ ಹಳೆಯ ಕಾಲೇಜಿನ ಹೆಸರಿದ್ದರೂ ಅವಧಿ ಉಳಿದಿದ್ದರೆ ಅದೇ ನಡೆಯುತ್ತದೆ. ಆದರೆ ಬೇಸಿಗೆ ರಜೆಗೆ ಊರಿಗೆ ಬಂದವಳು ಬಿಡುಗಡೆಯ ದಿನದ ನಂತರ ವಾಪಸ್ ಹೋಗುವಾಗ ಕೈಯಲ್ಲಿ ಹೊಸ ಐ-20 ಇರಲೇಬೇಕು. ತರಗತಿ ಶುರುವಾದ 15 ದಿನದೊಳಗೆ ಹೊಸ ಡಿಎಸ್‌ಒ ಬಳಿ ವರದಿ ಮಾಡಿಕೊಳ್ಳಬೇಕು.

ಒಂದು ಎಚ್ಚರಿಕೆ ಬೇಕು. ಅಮೆರಿಕದ ಗೃಹಭದ್ರತಾ ಇಲಾಖೆ 2025ರ ಆಗಸ್ಟ್‌ನಲ್ಲಿ ಕರಡು ನಿಯಮವೊಂದನ್ನು ಪ್ರಕಟಿಸಿತು. ಪದವಿಯ ಎಫ್-1 ವಿದ್ಯಾರ್ಥಿಗಳು ಮೊದಲ ಶೈಕ್ಷಣಿಕ ವರ್ಷ ಮುಗಿಸುವ ಮುನ್ನ ಕಾಲೇಜು ಬದಲಿಸದಂತೆ ತಡೆಯುವ ಅಂಶವೂ ಅದರಲ್ಲಿತ್ತು. ಮಗಳ ಅರ್ಜಿಯ ಹೊತ್ತಿಗೆ ಯಾವ ನಿಯಮ ಜಾರಿಯಲ್ಲಿದೆ ಎಂದು ಅವಳು ಡಿಎಸ್‌ಒ ಬಳಿಯೇ ಕೇಳಲಿ. ಅವಳೇ ಕೇಳಬೇಕು: ಅಲ್ಲಿನ ಖಾಸಗಿತನದ ಕಾನೂನಿನ ಪ್ರಕಾರ ಅವಳ ಲಿಖಿತ ಒಪ್ಪಿಗೆ ಇಲ್ಲದೆ ಕಾಲೇಜು ನಿಮ್ಮ ಜೊತೆ ಅವಳ ದಾಖಲೆಗಳ ಬಗ್ಗೆ ಸಾಮಾನ್ಯವಾಗಿ ಮಾತಾಡುವುದಿಲ್ಲ.

ಪ್ರಶ್ನೆ: ನನ್ನ ತರಗತಿಗಳಲ್ಲಿ 300 ಜನ. ಯಾವ ಪ್ರೊಫೆಸರ್‌ಗೂ ನನ್ನ ಮುಖ ಗೊತ್ತಿಲ್ಲ. ಶಿಫಾರಸು ಪತ್ರ ಯಾರಲ್ಲಿ ಕೇಳಲಿ? ಬಿಟ್ಟು ಹೋಗುತ್ತೇನೆಂದು ಹೇಳಲು ಸಂಕೋಚವೂ ಆಗುತ್ತದೆ.

ಉತ್ತರ: ಸಂಕೋಚ ಬಿಡಿ, ಇಂಥ ಪತ್ರ ಬರೆಯುವುದು ಅವರ ಕೆಲಸದ ಭಾಗ. ಮುಂದಿನ ಸೆಮಿಸ್ಟರ್‌ಗೆ ಹೆಸರು ನೋಂದಾಯಿಸುವಾಗ 20-25 ಜನರ ಒಂದು ಸೆಮಿನಾರ್ ತರಗತಿ ತೆಗೆದುಕೊಳ್ಳಿ. ಬರವಣಿಗೆಯ ತರಗತಿಯಾದರೂ ಸರಿ. ದೊಡ್ಡ ತರಗತಿಯವರ ಆಫೀಸ್ ಅವರ್ಸ್‌ಗೆ (ಪ್ರೊಫೆಸರ್ ವಿದ್ಯಾರ್ಥಿಗಳಿಗೆ ಸಿಗುವ ನಿಗದಿತ ವೇಳೆ) ಎರಡನೇ ವಾರದಿಂದಲೇ ಹೋಗಿ, ಪರೀಕ್ಷೆಯ ಹಿಂದಿನ ದಿನ ಹೋಗುವವರ ಗುಂಪಿನಲ್ಲಿ ನಿಲ್ಲಬೇಡಿ. ಬೋಧನಾ ಸಹಾಯಕರಿಗೆ ನೀವು ಹೆಚ್ಚು ಗೊತ್ತಿದ್ದರೆ ಅವರ ಟಿಪ್ಪಣಿ ಸೇರಿಸಿ ಪ್ರೊಫೆಸರ್ ಸಹಿ ಮಾಡಿದ ಪತ್ರ ಒಳ್ಳೆಯ ದಾರಿ. ಕೇಳುವಾಗ ನಾಲ್ಕು ವಾರ ಸಮಯ ಕೊಡಿ, ನಿಮ್ಮ ಒಳ್ಳೆಯ ಅಸೈನ್‌ಮೆಂಟ್ ಒಂದನ್ನೂ ಯಾಕೆ ಹೋಗಬೇಕೆಂದಿದ್ದೀರಿ ಎಂಬ ಅರ್ಧ ಪುಟವನ್ನೂ ಜೊತೆಗಿಡಿ. ಯುಸಿಗೆ ಮಾತ್ರ ಹಾಕುವವರಾದರೆ ಈ ತಲೆನೋವೇ ಇಲ್ಲ, ಸಾಮಾನ್ಯವಾಗಿ ಅವರು ಶಿಫಾರಸು ಪತ್ರ ಕೇಳುವುದಿಲ್ಲ.

ಪ್ರಶ್ನೆ: ಮೊದಲ ಸಲ ತಿರಸ್ಕಾರ, ಕಳೆದ ವರ್ಷ ಟ್ರಾನ್ಸ್‌ಫರ್‌ನಲ್ಲೂ ತಿರಸ್ಕಾರ. ಈಗ ಎರಡನೇ ವರ್ಷ. ಇನ್ನೊಂದು ಸಲ?

ಉತ್ತರ: ಮೂರು ಪ್ರಶ್ನೆಗೂ ‘ಹೌದು’ ಬಂದರೆ ಹಾಕಿ. ಆ ಕಾಲೇಜು ಮೂರನೇ ವರ್ಷಕ್ಕೆ ತೆಗೆದುಕೊಳ್ಳುತ್ತದೆಯೇ? ಅಲ್ಲಿ ಕನಿಷ್ಠ ಓದಲೇಬೇಕಾದ ಅವಧಿಗೆ (ಎಷ್ಟೋ ಕಡೆ ಪದವಿಯ ಅರ್ಧದಷ್ಟು ಕ್ರೆಡಿಟ್) ನಿಮ್ಮಲ್ಲಿ ಸಮಯ ಉಳಿದಿದೆಯೇ? ಹೋದ ವರ್ಷದ ಅರ್ಜಿಯಲ್ಲಿ ಇಲ್ಲದ್ದು ಈ ವರ್ಷ ಏನಾದರೂ ಇದೆಯೇ: ಪ್ರೊಫೆಸರ್ ಜೊತೆಗಿನ ಸಂಶೋಧನೆ, ಮೇಲ್ಮಟ್ಟದ ಕೋರ್ಸಿನಲ್ಲಿ ‘ಎ’, ಬದಲಾದ ಮೇಜರ್? ಜಿಪಿಎ 3.7 ಇದ್ದದ್ದು 3.75 ಆದರೆ ಅದು ಹೊಸದಲ್ಲ, ಹಳೆಯ ಅರ್ಜಿಗೆ ಹೊಸ ಲಕೋಟೆ. ಅದೇ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿಭಾಗವನ್ನೂ ಒಮ್ಮೆ ನೋಡಿ. ಅಲ್ಲಿ ಹೈಸ್ಕೂಲನ್ನು ಯಾರೂ ಕೇಳುವುದಿಲ್ಲ, ಈಗಿರುವ ಕಡೆಯೇ ನೀವು ಮಾಡುವ ಸಂಶೋಧನೆ, ಪಡೆಯುವ ಪತ್ರಗಳೇ ಮುಖ್ಯ.

ಹಾಕುವುದಾದರೂ ಬಿಡುವುದಾದರೂ, ವಸಂತದಲ್ಲಿ ಮುಂದಿನ ಸೆಮಿಸ್ಟರ್‌ನ ನೋಂದಣಿ ತೆರೆದ ದಿನವೇ ಈಗಿನ ಕಾಲೇಜಿನಲ್ಲಿ ಹೆಸರು ಹಾಕಿಸಿ. ಮುಂದಿನ ವರ್ಷದ ವಸತಿಗೂ ಅರ್ಜಿ ಕೊಡಿ, ರದ್ದು ಮಾಡಿದರೆ ಎಷ್ಟು ಕಡಿತ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಟ್ರಾನ್ಸ್‌ಫರ್ ಫಲಿತಾಂಶ ಬರುವುದು ಜೂನ್‌ಗೆ, ಬೇಕಾದ ತರಗತಿಗಳು ತುಂಬುವುದು ಏಪ್ರಿಲ್‌ಗೆ.